ನಾಲ್ಕನೇ ಬಾಣಂತನ ಮುಗೀತು, ಹೊಟ್ಟೆ ಇಳೀತಿಲ್ಲ: ಬೆಲ್ಟಾ, ಜಿಮ್ಮಾ?

ದಾವಣಗೆರೆ ಸೊಸೆ:
ಎಲ್ಲರಿಗೂ ನಮಸ್ಕಾರ. ನನಗೆ ನಾಲ್ಕು ಮಕ್ಕಳು. ದೊಡ್ಡವಳು ಆರನೇ ಕ್ಲಾಸು, ಕೊನೆಯವನಿಗೆ ಈಗ ಐದು ತಿಂಗಳು. ಮೊದಲ ಮೂರು ನಾರ್ಮಲ್. ಇದು ಸಿಸೇರಿಯನ್, ಜೊತೆಗೇ ಮಕ್ಕಳಾಗದ ಆಪರೇಷನ್ನೂ ಆಯಿತು. ಅತ್ತೆ, ಮಾವ, ಮೈದುನ ಸೇರಿ ಮನೆಯಲ್ಲಿ ಒಂಬತ್ತು ಜನ. ತೂಕ ಬಸುರಿಗೆ ಮುಂಚಿಗಿಂತ ಹನ್ನೊಂದು ಕೆ.ಜಿ. ಜಾಸ್ತಿ ಇದೆ. ಅದಕ್ಕಿಂತ ಬೇಜಾರು ಹೊಟ್ಟೆಯದು. ಮೊನ್ನೆ ಒಂದು ಗೃಹಪ್ರವೇಶದಲ್ಲಿ 'ಮತ್ತೆ ವಿಶೇಷನಾ?' ಅಂತ ಒಬ್ಬರು ಕೇಳಿಯೇಬಿಟ್ಟರು. ಹೊಲಿಗೆ ಇದೆ ಅಂತ ಈ ಸಲ ಹೊಟ್ಟೆ ಕಟ್ಟಿಸಿಕೊಳ್ಳಲಿಲ್ಲ, ಅದಕ್ಕೇ ಹೀಗಾಯಿತು ಅಂತಾರೆ ಅತ್ತೆ. ನಮ್ಮವರು ಜಿಮ್ಮಿಗೆ ದುಡ್ಡು ಕಟ್ಟುತ್ತೇನೆ ಅಂತಾರೆ. ಆನ್‌ಲೈನಿನಲ್ಲಿ ಬೆಲ್ಟ್ ನೋಡಿದೆ, ಸಾವಿರದ ಚಿಲ್ಲರೆ. ಯಾವುದಕ್ಕೆ ದುಡ್ಡು ಹಾಕಲಿ?

ತೀರ್ಥಹಳ್ಳಿ ಅಜ್ಜಿ:
ಯಾವುದಕ್ಕೂ ಹಾಕಬೇಡ ಮಗಳೇ. ಅಮ್ಮನ ಹಳೇ ಕಾಟನ್ ಸೀರೆ ಸಾಕು. ಎಣ್ಣೆ ತಿಕ್ಕಿಸಿಕೊಂಡು, ಹಂಡೆ ಬಿಸಿನೀರು ಹುಯ್ಯಿಸಿಕೊಂಡು, ಸಾಂಬ್ರಾಣಿ ಹೊಗೆ ತಗೊಂಡು, ಆಮೇಲೆ ಬಿಗಿಯಾಗಿ ಸುತ್ತಬೇಕು. ಮೆಣಸಿನ ಸಾರು, ಬೆಳ್ಳುಳ್ಳಿ. ನೀರು ಆದಷ್ಟು ಕಡಿಮೆ. ನನಗೆ ಆರು ಹೆರಿಗೆ, ಹೊಟ್ಟೆ ಬರಲಿಲ್ಲ.

ಬೆಳಗಿನ ಓಟ:
ಅಜ್ಜಿ, ಕಾಲ ಬದಲಾಗಿದೆ. ಮೇಡಂ, ಜಿಮ್ ಸೇರಿ. ಮನಸ್ಸಿದ್ದರೆ ಮಾರ್ಗ. ಮೇರಿ ಕೋಮ್ ಅವರನ್ನು ನೋಡಿ. 2007ರಲ್ಲಿ ಅವಳಿ ಮಕ್ಕಳು, 2008ರಲ್ಲಿ ವಿಶ್ವ ಚಾಂಪಿಯನ್. 2013ರಲ್ಲಿ ಮತ್ತೊಂದು ಮಗು, 2014ರ ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ನಮ್ಮಲ್ಲಿ ಎಲ್ಲರೂ ನೆಪ ಹೇಳೋರೇ. ದಿನಾ ನೂರು ಕ್ರಂಚಸ್ (ಅಂಗಾತ ಮಲಗಿ ತಲೆ, ಭುಜ ಮೇಲೆತ್ತೋ ವ್ಯಾಯಾಮ) ಹೊಡೀರಿ, ಹೊಟ್ಟೆ ಹೇಗೆ ಇಳಿಯಲ್ಲ ನೋಡೋಣ.

ಮೂರನೇದರಮ್ಮ:
ಸಾರ್, ಮೇರಿ ಕೋಮ್ ಶಿಬಿರದಲ್ಲಿದ್ದಾಗ ಮಕ್ಕಳನ್ನು ಮನೆಯಲ್ಲಿ ನೋಡಿಕೊಂಡಿದ್ದು ಅವರ ಗಂಡ. ಕೋಚ್ ಇದ್ದರು, ಆಟವೇ ಅವರ ಕೆಲಸ. ಇಲ್ಲಿ ಈಯಮ್ಮ ಒಂಬತ್ತು ಜನಕ್ಕೆ ರೊಟ್ಟಿ ತಟ್ಟಬೇಕು. ನೆಪ ಅನ್ನೋ ಮುಂಚೆ ಒಂದು ವಾರ ಆ ಅಡುಗೆಮನೆಯಲ್ಲಿ ನಿಂತು ನೋಡಿ.

ನನ್ನದೂ ಇದೇ ಕಥೆ. ಕಂಪನಿ ಕೆಲಸ. 2017ರ ತಿದ್ದುಪಡಿ ಆದಮೇಲೆ ಹೆರಿಗೆ ರಜೆ 26 ವಾರ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆಗಲೇ ಎರಡು ಮಕ್ಕಳಿದ್ದರೆ 12 ವಾರ ಮಾತ್ರ. ಮನೆಯಲ್ಲಿ ಕೆಲಸ ಎಷ್ಟು ಜಾಸ್ತಿಯೋ ರಜೆ ಅಷ್ಟು ಕಮ್ಮಿ! ಮೂರು ತಿಂಗಳಿಗೆ ಬಸ್ಸು ಹತ್ತಿದೆ. ಜಿಮ್ಮಿಗೆ ಒಂದು ವರ್ಷದ ದುಡ್ಡು ಕಟ್ಟಿ, ಬೆರಳೆಣಿಕೆ ದಿನ ಹೋದೆ. ಮಗು ಎದ್ದರೆ ಮನೆಯಿಂದ ಫೋನು.

ಹುಬ್ಬಳ್ಳಿ ಫಿಸಿಯೋ:
ಬೆಳಗಿನ ಓಟ ಅವರೇ, ದಯವಿಟ್ಟು ಆ ನೂರು ಕ್ರಂಚಸ್ ಸಲಹೆ ವಾಪಸ್ ತಗೊಳ್ರಿ. ಬಾಣಂತಿಯರನ್ನು ನೋಡೋದೇ ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಅಕ್ಕಾ, ಹೊಟ್ಟೆಯ ನಡುವೆ ಮೇಲಿಂದ ಕೆಳಗೆ ಎರಡು ಉದ್ದನೆ ಸ್ನಾಯು ಇರ್ತಾವ. ಬಸುರಿಯಲ್ಲಿ ಮಗು ಬೆಳೆದಂಗೆ ಅವು ಬದಿಗೆ ಸರಿದು, ನಡುವಿನ ಪೊರೆ ಹಿಗ್ಗುತ್ತದೆ. ಹೆರಿಗೆ ಆದಮೇಲೆ ಬಹಳ ಜನಕ್ಕೆ ತಾನಾಗೇ ಹತ್ತಿರ ಬರುತ್ತದೆ, ಕೆಲವರಿಗೆ ಬರಲ್ಲ. ಹೆರಿಗೆ ಹೆಚ್ಚಾದಷ್ಟೂ ಬಿರುಕು ಉಳಿಯೋ ಸಾಧ್ಯತೆ ಜಾಸ್ತಿ. ತೂಕ ಇಳಿದರೂ ಹೊಟ್ಟೆ ಮುಂದೆ ಬಂದೇ ಇರೋದು ಇದರಿಂದ.

ಮನೆಯಲ್ಲೇ ನೋಡಿಕೊಳ್ಳಬಹುದು. ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ ಊರಿ. ಬೆರಳ ತುದಿಗಳನ್ನು ಹೊಕ್ಕುಳಿನ ಸ್ವಲ್ಪ ಮೇಲೆ ಅಡ್ಡಕ್ಕೆ ಇಡಿ. ಈಗ ತಲೆಯನ್ನು ಮಾತ್ರ ದಿಂಬಿನಿಂದ ಮೇಲೆತ್ತಿ. ಎರಡೂ ಬದಿಯ ಸ್ನಾಯು ಬಿಗಿಯಾಗಿ ಬೆರಳಿಗೆ ತಾಗುತ್ತವೆ. ನಡುವೆ ಎರಡು ಬೆರಳು ಅಥವಾ ಅದಕ್ಕಿಂತ ಜಾಸ್ತಿ ಜಾಗ ಇದ್ದರೆ ಬಿರುಕು ಇದೆ ಅಂತ. ತಲೆ ಎತ್ತಿದಾಗ ನಡುವೆ ಗೋಪುರದಂಗೆ ಉಬ್ಬುತ್ತಾ, ಅದನ್ನೂ ನೋಡಿ. ಅಂಥ ಹೊಟ್ಟೆಗೆ ಕ್ರಂಚಸ್ ಮಾಡಿದರೆ ಉಬ್ಬು ಇನ್ನೂ ಮುಂದೆ ಬರುತ್ತದೆ.

ಇನ್ನೊಂದು ಪ್ರಶ್ನೆ, ನಾಚಿಕೊಳ್ಳಬೇಡಿ. ಸೀನಿದಾಗ, ಕೆಮ್ಮಿದಾಗ ಒಂದೆರಡು ಹನಿ ಮೂತ್ರ ಹೋಗುತ್ತಾ?

ದಾವಣಗೆರೆ ಸೊಸೆ:
ಹೋಗುತ್ತೆ. ಇದನ್ನ ಯಾರಿಗೂ ಹೇಳಿರಲಿಲ್ಲ. ಮೂರನೇದು ಆದಾಗಿಂದ ಇದೆ. ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ. ಪರೀಕ್ಷೆ ಈಗಷ್ಟೇ ಮಾಡಿದೆ. ಮೂರು ಬೆರಳು ಆರಾಮಾಗಿ ಹಿಡಿಸುತ್ತೆ.

ಹುಬ್ಬಳ್ಳಿ ಫಿಸಿಯೋ:
ಬಹಳ ಜನಕ್ಕೆ ಇರುತ್ತದೆ, ಆದರೆ ಸಹಿಸಿಕೊಂಡು ಇರಬೇಕಾದ್ದಲ್ಲ. ಮೊದಲು ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ, ವ್ಯಾಯಾಮಕ್ಕೆ ಒಪ್ಪಿಗೆ ತಗೊಳ್ಳಿ. ಹೊಕ್ಕುಳ ಹತ್ತಿರ ಗಂಟಿನಂಗೆ ಏನಾದರೂ ಎದ್ದು ನೋವಿದ್ದರೆ ಹರ್ನಿಯಾ ಇರಬಹುದು, ಅದನ್ನು ಸರ್ಜನ್ ನೋಡಬೇಕು.

ಆಮೇಲೆ ಬೇಕಾಗಿರೋದು ಜಿಮ್ ಅಲ್ಲ. ಮೂತ್ರ ತಡೆಯುವಾಗ ಬಿಗಿ ಹಿಡೀತೀವಲ್ಲ, ಆ ಜಾಗವನ್ನು ಮೇಲಕ್ಕೆ ಎಳೆದು ಐದು ಎಣಿಸೋವರೆಗೆ ಹಿಡಿದು, ಪೂರ್ತಿ ಸಡಿಲ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕುಕ್ಕರ್ ಕೂಗೋವರೆಗೆ ಕಾಯುವಾಗಲೂ ಮಾಡಬಹುದು, ಯಾರಿಗೂ ಗೊತ್ತಾಗಲ್ಲ. ಆದರೆ ಮೂತ್ರ ಮಾಡುವಾಗಲೇ ತಡೆದು ತಡೆದು ಅಭ್ಯಾಸ ಮಾಡಬೇಡಿ. ಹಾಸಿಗೆಯಿಂದ ನೇರ ಏಳಬೇಡಿ, ಪಕ್ಕಕ್ಕೆ ಹೊರಳಿ ಕೈ ಊರಿ ಏಳಿ. ಮಗುವನ್ನೋ ಕೊಡವನ್ನೋ ಎತ್ತುವಾಗ ಉಸಿರು ಬಿಗಿ ಹಿಡೀಬೇಡಿ, ಉಸಿರು ಬಿಡುತ್ತಾ ಎತ್ತಿ.

ಬೆಲ್ಟ್ ಬಗ್ಗೆ: ಶುರುವಿನ ವಾರಗಳಲ್ಲಿ ಬೆನ್ನಿಗೆ ಆಸರೆ, ಸಿಸೇರಿಯನ್ ಆದವರಿಗೆ ಕೆಮ್ಮುವಾಗ ಧೈರ್ಯ. ಅಷ್ಟೇ. ಕೊಬ್ಬು ಕರಗಿಸಲ್ಲ, ಸ್ನಾಯುವನ್ನು ಬಲಪಡಿಸಲ್ಲ. ಅತಿಯಾಗಿ ಬಿಗಿದರೆ ಒತ್ತಡ ಎಲ್ಲಾ ಕೆಳಕ್ಕೆ ಬೀಳುತ್ತೆ. ಮೂತ್ರ ಸೋರೋರಿಗೆ ಅದು ಒಳ್ಳೇದಲ್ಲ. ನಿಮಗೆ ಐದು ತಿಂಗಳಾಯಿತು, ಆ ಸಾವಿರ ಉಳಿಸಿ.

ತೀರ್ಥಹಳ್ಳಿ ಅಜ್ಜಿ:
ಓದಿದವರು ಹೇಳಿದ ಮೇಲೆ ಮುಗೀತು ಬಿಡಿ. ಹಾಗಾದರೆ ನಮ್ಮ ಕಾಲದವರೆಲ್ಲ ಕಟ್ಟಿಕೊಂಡಿದ್ದು ಸುಮ್ನೆನಾ?

ಹುಬ್ಬಳ್ಳಿ ಫಿಸಿಯೋ:
ಸುಮ್ನೆ ಅನ್ನಲಿಲ್ಲ ಅಜ್ಜಿ. ಒಂದು ಕೇಳಲಾ? ನಿಮ್ಮ ಓರಗೆಯವರಲ್ಲಿ ಗರ್ಭಕೋಶ ಜಾರಿದವರು ಎಷ್ಟು ಜನ?

ತೀರ್ಥಹಳ್ಳಿ ಅಜ್ಜಿ:
ಇದ್ದರು. ನಮ್ಮ ಅಕ್ಕನಿಗೇ ಜಾರಿತ್ತು. ಬಹಳ ವರ್ಷ ಬಟ್ಟೆ ಇಟ್ಟುಕೊಂಡೇ ಗದ್ದೆ ಕೆಲಸ ಮಾಡಿದಳು, ಆಮೇಲೆ ತೆಗೆಸಿದರು. ಗಂಡಸರ ಎದುರು ಹೇಳೋ ಮಾತಾಗಿರಲಿಲ್ಲ.

ಆದರೆ ನನ್ನ ಮಾತೂ ಕೇಳು. ಹೊಟ್ಟೆ ಕಟ್ಟಿದ್ದು ಒಂದೇ ಅಲ್ಲ. ತವರಿನಲ್ಲಿ ಮೂರು ತಿಂಗಳು ನನ್ನ ಕೈಗೆ ಪೊರಕೆ ಕೊಡುತ್ತಿರಲಿಲ್ಲ. ನೀರು ಹುಯ್ಯೋಕೆ ಒಬ್ಬಳು, ಮಗು ಮೀಯಿಸೋಕೆ ಒಬ್ಬಳು, ದೊಡ್ಡ ಮಕ್ಕಳನ್ನು ನಮ್ಮ ಚಿಕ್ಕಮ್ಮ ನೋಡೋಳು. ಈ ಹುಡುಗಿಗೆ ಎಷ್ಟು ದಿನ ಸಿಕ್ಕಿತು ಕೇಳಿ.

ದಾವಣಗೆರೆ ಸೊಸೆ:
ಮೊದಲನೇದಕ್ಕೆ ಐದು ತಿಂಗಳು ತವರಲ್ಲಿದ್ದೆ ಅಜ್ಜಿ. ಈ ಸಲ ಹೋಗಲೇ ಇಲ್ಲ. ಮಕ್ಕಳಿಗೆ ಸ್ಕೂಲು, ಅಮ್ಮನಿಗೆ ಮಂಡಿನೋವು. ಹೊಲಿಗೆ ಒಣಗುತ್ತಲೇ ಒಲೆ ಮುಂದೆ ಬಂದೆ.

ಅಂಗನವಾಡಿ ಟೀಚರ್:
ಊಟದ ಬಗ್ಗೆ ಯಾರೂ ಕೇಳಲಿಲ್ಲ. ಎಷ್ಟು ಹೊತ್ತಿಗೆ ಉಣ್ಣುತ್ತೀರಿ, ಏನು ಉಣ್ಣುತ್ತೀರಿ?

ದಾವಣಗೆರೆ ಸೊಸೆ:
ಎಲ್ಲರದೂ ಆದಮೇಲೆ, ಮೂರು ಗಂಟೆ ಹತ್ತಿರ. ಅಷ್ಟೊತ್ತಿಗೆ ಪಲ್ಯ, ಕಾಳು ಖಾಲಿ. ಅನ್ನ, ತಿಳಿಸಾರು. ಬೆಳಿಗ್ಗೆ ಮಕ್ಕಳು ಬಿಟ್ಟ ದೋಸೆ ತುಂಡು. ಸಂಜೆ ಚಹಾ ಜೊತೆ ಮಂಡಕ್ಕಿ. ಅಂಟಿನ ಉಂಡೆ ಇನ್ನೂ ಡಬ್ಬಿಯಲ್ಲಿದೆ, ಹಸಿವಾದರೆ ಅದೇ.

ಅಂಗನವಾಡಿ ಟೀಚರ್:
ಅದೇ ಅಂದುಕೊಂಡೆ. ಅನ್ನ, ಬೆಲ್ಲ, ತುಪ್ಪ ಸೇರುತ್ತಿದೆ. ಕಾಳು, ಮೊಟ್ಟೆ, ಸೊಪ್ಪು ಇಲ್ಲ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು, ಪ್ರೋಟೀನೂ ಹೆಚ್ಚಿಗೆ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ ಹೇಳಿದೆ. ಅದಕ್ಕೆ ಈಗ ಉಪವಾಸ ಬಿದ್ದು ತೂಕ ಇಳಿಸಬೇಡಿ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಬೇಕಾದಷ್ಟಾಯಿತು.

ನಿಮ್ಮ ಪಾಲಿನ ಕಾಳು ಪಲ್ಯ ಒಲೆಯಿಂದ ಇಳಿಸಿದ ಕೂಡಲೇ ಬೇರೆ ಬಟ್ಟಲಿಗೆ ಎತ್ತಿಡಿ. ಯಾರನ್ನೂ ಕೇಳಬೇಕಿಲ್ಲ. ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಸರ್ಕಾರ ಕೊಡೋ ಮಾತೃಪೂರ್ಣ ಊಟ ಹೆರಿಗೆಯಾಗಿ ಆರು ತಿಂಗಳವರೆಗೂ ಇದೆ, ಹೆಸರು ಬರೆಸಿದ್ದೀರಾ? ಕಬ್ಬಿಣದ ಮಾತ್ರೆ ಹೆರಿಗೆ ನಂತರವೂ 180 ದಿನ ನುಂಗಬೇಕು. ಬಹಳ ಜನ ಮಗು ಹುಟ್ಟಿದ ದಿನವೇ ಮಾತ್ರೆ ಬಿಡುತ್ತಾರೆ, ಆಮೇಲೆ ಸುಸ್ತು ಸುಸ್ತು ಅಂತಾರೆ.

ಅಜ್ಜಿ, ಆ ನೀರಿನ ಮಾತು ಮಾತ್ರ ಒಪ್ಪಲ್ಲ. ನೀರು ಕಮ್ಮಿಯಾದರೆ ಮಲಬದ್ಧತೆ. ಮುಕ್ಕಿದಷ್ಟೂ ಆ ಸಡಿಲವಾದ ಜಾಗಕ್ಕೇ ಒತ್ತಡ.

ತೀರ್ಥಹಳ್ಳಿ ಅಜ್ಜಿ:
ಬಿಸಿನೀರಾದರೆ ಕುಡೀಲಿ. ತಣ್ಣೀರು ಬೇಡ.

ಬೆಳಗಿನ ಓಟ:
ಕ್ರಂಚಸ್ ವಾಪಸ್ ತಗೊಂಡೆ. ಆದರೆ ಒಂದು ಮಾತು. ಇಷ್ಟೆಲ್ಲ ಕಾರಣ ಕೇಳಿ ಅವರು ಕೂತೇಬಿಟ್ಟರೆ? ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಬಾಣಂತಿಯರಿಗೂ ಸೇರಿಸಿಯೇ. ಮನೆಗೆಲಸ ಬೇರೆ, ವ್ಯಾಯಾಮ ಬೇರೆ.

ಹುಬ್ಬಳ್ಳಿ ಫಿಸಿಯೋ:
ಇದನ್ನು ಒಪ್ತೀನಿ. ಚುರುಕಾಗಿ ನಡೆದರೆ ಹಾಲೂ ಕಮ್ಮಿಯಾಗಲ್ಲ. ಹಾಲು ಕುಡಿಸಿ ಹೊರಟರೆ ಎದೆ ಭಾರ ಇರಲ್ಲ, ಆರಾಮಾಗಿ ನಡೀಬಹುದು.

ಮೂರನೇದರಮ್ಮ:
ನಡೀಲಿ ಸರಿ. ಆ ಅರ್ಧ ಗಂಟೆ ಮಗು ಯಾರ ಹತ್ತಿರ? ಎಲ್ಲರೂ ಇದನ್ನು ಬಿಟ್ಟು ಬೇರೆಲ್ಲಾ ಹೇಳುತ್ತಿದ್ದೀರಿ. ಅವರ ಮನೆಯವರು ಜಿಮ್ಮಿಗೆ ದುಡ್ಡು ಕೊಡುತ್ತಾರಂತೆ, ಸಂತೋಷ. ದುಡ್ಡಿನ ಬದಲು ಅರ್ಧ ಗಂಟೆ ಕೊಡಲಿ. ಮೈದುನನಿಗೂ ಎರಡು ಕೈ ಇದೆಯಲ್ವಾ?

ಮೂರು ಮಕ್ಕಳ ಅಪ್ಪ, ತುಮಕೂರು:
ಗಂಡಸರ ಕಡೆಯಿಂದ ಒಂದು. ನಾನು ಕೆಲಸದಿಂದ ಬಂದು ಬಟ್ಟೆ ಬದಲಿಸೋ ಮುಂಚೆಯೇ ಚಿಕ್ಕದನ್ನು ಎತ್ತಿಕೊಳ್ಳುತ್ತೇನೆ, ಅವಳು ಚಪ್ಪಲಿ ಮೆಟ್ಟಿ ಹೊರಡುತ್ತಾಳೆ. ಒಂದು ಸಲ ಸೋಫಾದಲ್ಲಿ ಕೂತರೆ ನಾನು ಏಳಲ್ಲ, ಅದಕ್ಕೇ ಬಾಗಿಲಲ್ಲೇ. ಶುರುವಲ್ಲಿ ನಮ್ಮಮ್ಮ ಮುಖ ಊದಿಸಿಕೊಂಡರು. 'ಡಾಕ್ಟರ್ ಹೇಳಿದ್ದಾರೆ' ಅಂದೆ, ಸುಮ್ಮನಾದರು. ಡಾಕ್ಟರ್ ಹೆಸರು ಹೇಳಿದರೆ ಮನೆಯಲ್ಲಿ ಅರ್ಧ ಜಗಳ ಉಳಿಯುತ್ತೆ.

ದಾವಣಗೆರೆ ಸೊಸೆ:
ಈ ಉಪಾಯ ಚೆನ್ನಾಗಿದೆ ಅಣ್ಣಾ. ನಮ್ಮವರಿಗೆ ಈ ಚರ್ಚೆ ಕಳಿಸಿದೆ, ಓದಿದ್ದಾರೆ, ಉತ್ತರ ಬಂದಿಲ್ಲ. ಅತ್ತೆಗೆ ಅಜ್ಜಿಯ ಮಾತು ಮಾತ್ರ ಓದಿ ಹೇಳಿದೆ, ಮೂರು ತಿಂಗಳು ಪೊರಕೆ ಮುಟ್ಟದ್ದು. 'ನನಗೂ ಹಾಗೇ ಇತ್ತು' ಅಂದರು. ಬೆಲ್ಟ್ ಕಾರ್ಟಿನಿಂದ ತೆಗೆದೆ. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇನೆ. ಫಿಸಿಯೋ ಮೇಡಂ, ಎರಡನೇ ಮಹಡಿಗೆ ನೀರಿನ ಕ್ಯಾನ್ ಹೊರೋದು ನಾನೇ, ಅದು ಪರವಾಗಿಲ್ವಾ?

ಹುಬ್ಬಳ್ಳಿ ಫಿಸಿಯೋ:
ಇಪ್ಪತ್ತು ಲೀಟರಿನದಾ? ಸದ್ಯಕ್ಕೆ ಬೇಡವೇ ಬೇಡ. ಅದನ್ನು ಮೈದುನ ಹೊರಲಿ.