ಪದಚರ್ಚೆ: ‘ಕಣ್ಣಿಗೆ ಕಟ್ಟುವಂತೆ’, ‘ರೋಚಕ’, ‘ವರ್ಣರಂಜಿತ’

ಪ್ರಶ್ನೆ: ಓದುಗರನ್ನು ಸೆಳೆದು ಹಿಡಿದಿಡುವ ಬರವಣಿಗೆಯನ್ನು ಒಬ್ಬರು ‘ರೋಚಕ’ ಎನ್ನುತ್ತಾರೆ, ಇನ್ನೊಬ್ಬರು ‘ವರ್ಣರಂಜಿತ’, ಮತ್ತೊಬ್ಬರು ‘ಸಜೀವ’. ಮೂರೂ ಒಂದೇ ಅರ್ಥದವೇ? ಇಂಗ್ಲಿಷಿನ ‘ವಿವಿಡ್’ಗೆ ಯಾವುದು ಹತ್ತಿರ? ‘ಜಿಟಿಜಿಟಿ’, ‘ಸರಸರ’ದಂಥವು ಗಂಭೀರ ಬರಹದಲ್ಲಿ ಬಾಲಿಶ ಎಂಬ ಆಕ್ಷೇಪ ಸರಿಯೇ?

ಉತ್ತರ 1: ಮೂರಕ್ಕೂ ದಾರಿ ಬೇರೆ. ‘ರೋಚಕ’ದ ಮೂಲ ‘ರುಚ್’ ಧಾತು, ‘ರುಚಿ’ ಹುಟ್ಟಿದ್ದೂ ಅದರಿಂದಲೇ. ಸಂಸ್ಕೃತದಲ್ಲಿ ಹಿತವಾದದ್ದು, ಹಸಿವು ಹೆಚ್ಚಿಸುವಂಥದ್ದು ಎಂಬ ಅರ್ಥ. ಇಂದಿನ ಕನ್ನಡದಲ್ಲಿ ಅದು ಉದ್ವೇಗದ ಕಡೆಗೆ ವಾಲಿದೆ. ಕೊನೆಯ ಎಸೆತದವರೆಗೆ ಎಳೆದ ಪಂದ್ಯ ರೋಚಕ, ಮುಂಜಾವಿನ ವರ್ಣನೆ ಎಷ್ಟೇ ಚೆನ್ನಾಗಿದ್ದರೂ ರೋಚಕವಾಗದು. ‘ವರ್ಣರಂಜಿತ’ ಮೆರವಣಿಗೆಗೆ ಒಗ್ಗುತ್ತದೆ. ವರದಿ ವರ್ಣರಂಜಿತವಾಗಿದೆ ಎಂದರೆ ಅರ್ಧ ಸುಳ್ಳಿರಬೇಕು ಎಂದೇ ಕೇಳಿಸುತ್ತದೆ! ‘ಸಜೀವ’ವನ್ನು ಪತ್ರಿಕೆಗಳ ‘ಸಜೀವ ದಹನ’ ಕಿತ್ತುಕೊಂಡಿದೆ.

‘ವಿವಿಡ್’ಗೆ ಹತ್ತಿರದ್ದು ‘ಕಣ್ಣಿಗೆ ಕಟ್ಟುವಂತೆ’. ಇಲ್ಲಿ ‘ಕಟ್ಟು’ ಅಕರ್ಮಕ. ದೃಶ್ಯ ತಾನಾಗಿ ಬಂದು ಕಣ್ಣಿಗೆ ಕಟ್ಟುತ್ತದೆ. ಆದ್ದರಿಂದ ‘ಲೇಖಕರು ದೃಶ್ಯವನ್ನು ಕಣ್ಣಿಗೆ ಕಟ್ಟಿದ್ದಾರೆ’ ಎಂಬುದು ಕಿವಿಗೆ ಒಗ್ಗದು. ‘ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ’ ಅಥವಾ ಬರಿದೇ ‘ಕಟ್ಟಿಕೊಟ್ಟಿದ್ದಾರೆ’ ಎನ್ನಿ. ಇದು ಸೆಳೆಯುವ ಮಾತಾಯಿತು. ಹಿಡಿದಿಡುವುದಕ್ಕೆ ‘ಓದಿಸಿಕೊಂಡು ಹೋಗು’ ಇದೆ: ಓದುವವರು ನಾವು, ಓದಿಸುವುದು ಪುಸ್ತಕ.

ಇನ್ನು ‘ಜಿಟಿಜಿಟಿ’. ವ್ಯಾಕರಣದಲ್ಲಿ ಇದು ಅನುಕರಣಾವ್ಯಯ, ಅಂದರೆ ಕೇಳಿದ ಸದ್ದನ್ನು ಅನುಕರಿಸುವ ಪದ. ಬಿಡಿಸಿದರೆ ‘ಜಿಟಿ’ಗೆ ಅರ್ಥವಿಲ್ಲ. ‘ಬಿಸಿಬಿಸಿ’ ಹಾಗಲ್ಲ, ಅದು ದ್ವಿರುಕ್ತಿ, ಅರ್ಥವಿರುವ ಪದವನ್ನೇ ಎರಡು ಸಲ ಹೇಳಿದ್ದು. ‘ಜೋರಾಗಿ ಮಳೆ ಬಂತು’ ಎಂಬಲ್ಲಿ ಓದುಗರಿಗೆ ಏನೂ ಕಾಣುವುದಿಲ್ಲ. ಪಟಪಟ ಎಂದರೆ ಬಿಡಿಬಿಡಿ ದಪ್ಪ ಹನಿ, ಎಲೆಯದೋ ತಗಡಿನದೋ ಮೇಲೆ; ಜಿಟಿಜಿಟಿ ಎಂದರೆ ಹಿಡಿದು ಬಿಡದ ಸಣ್ಣ ಮಳೆ; ಧೋ ಎಂದರೆ ಹನಿ ಬೇರೆಯಾಗಿ ಕಾಣದ ಸುರಿತ. ಒಂದೇ ಪದದಲ್ಲಿ ಗಾತ್ರ, ವೇಗ, ಸದ್ದು ಮೂರೂ ಬಂದವು. ಬಾಲಿಶವೆನಿಸುವುದು ಪ್ರತಿ ವಾಕ್ಯಕ್ಕೂ ಒಂದೊಂದು ತುರುಕಿದಾಗ. ಪ್ಯಾರಾಕ್ಕೆ ಒಂದು ಸಾಕು.

ಎಡವುವುದು ಎಲ್ಲೆಂದರೆ, ಜೋಡಿ ರೂಪ ಮುಂದುವರಿಯುವ ಕ್ರಿಯೆಗೆ, ‘ಅನೆ’ ಸೇರಿದ ರೂಪ ಒಂದೇ ಸಲ ಆದದ್ದಕ್ಕೆ. ಹಾವು ಸರಸರ ಹರಿಯಿತು, ಸರಕ್ಕನೆ ಬಿಲ ಹೊಕ್ಕಿತು. ಒಂದೇ ಒಂದು ಮಿಂಚಿಗೆ ‘ಫಳಫಳ’ ಹಾಕಿದರೆ ಅದು ಹಲವು ಸಲ ಹೊಳೆದಂತಾಗುತ್ತದೆ, ‘ಫಳಕ್ಕನೆ’ ಬೇಕು. ‘ಥಟ್ಟನೆ ತಕ್ಷಣ’ ಎಂದು ಒಂದೇ ಅರ್ಥವನ್ನು ಎರಡು ಸಲ ಹೇಳುವವರೂ ಇದ್ದಾರೆ. ‘ಗಳಗಳ ಅತ್ತಳು’, ‘ಧಗಧಗ ಉರಿಯಿತು’ ಸವೆದ ನಾಣ್ಯಗಳು, ಓದುಗರ ಕಣ್ಣು ಅವುಗಳ ಮೇಲೆ ಜಾರಿಹೋಗುತ್ತದೆ. ಅಲ್ಲಿ ‘ಹೆಸರು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು’ ಎಂಬ ಸಾದಾ ವಾಕ್ಯವೇ ಹೆಚ್ಚು ಕೆಲಸ ಮಾಡುತ್ತದೆ.

ಉತ್ತರ 2: ಒಂದು ತಿದ್ದುಪಡಿ. ‘ಸರಸರನೆ’ಯಲ್ಲೂ ‘ಅನೆ’ ಇದೆಯಲ್ಲ! ‘ಮೆಲ್ಲನೆ’, ‘ತಣ್ಣನೆ’ಗಳಲ್ಲಿ ಹಠಾತ್ ಎಂಬ ಅರ್ಥ ಎಳ್ಳಷ್ಟೂ ಇಲ್ಲ. ವ್ಯತ್ಯಾಸ ಹುಟ್ಟುವುದು ಜೋಡಿ ಇದೆಯೇ ಇಲ್ಲವೇ ಎಂಬುದರಿಂದ. ‘ವರ್ಣರಂಜಿತ ವ್ಯಕ್ತಿತ್ವ’ ಮಾತ್ರ ಬಳಕೆಯಲ್ಲಿ ನಿಂತುಬಿಟ್ಟಿದೆ, ಅದನ್ನು ಹೊಡೆದುಹಾಕಲಾಗದು.

‘ನಟ್ಟನಡುವೆ’, ‘ತುತ್ತತುದಿ’, ‘ಕಟ್ಟಕಡೆ’ಗಳನ್ನೂ ಈ ಚರ್ಚೆಗೆ ಸೇರಿಸಬೇಕು. ಇವೂ ದ್ವಿರುಕ್ತಿಗಳೇ, ಆದರೆ ಮೊದಲ ಪದ ರೂಪ ಬದಲಿಸಿದೆ. ಬರೀ ಒತ್ತಿಗೆಂದು ಇವನ್ನು ಬಳಸಿದರೆ ಚಿತ್ರ ಕೆಡುತ್ತದೆ. ‘ರಸ್ತೆಯ ನಟ್ಟನಡುವೆ ಕಲ್ಲು’ ಎಂದಾಗ ಓದುಗರು ಎರಡೂ ಅಂಚಿಗೆ ಸಮದೂರದಲ್ಲಿ ಅದನ್ನು ಇಟ್ಟುಕೊಳ್ಳುತ್ತಾರೆ. ಮುಂದಿನ ವಾಕ್ಯದಲ್ಲಿ ಗಾಡಿ ಬಲಗಡೆಯಿಂದ ಆರಾಮವಾಗಿ ದಾಟಿತು ಎಂದು ಬರೆಯುವುದಿದ್ದರೆ, ಆ ಕಲ್ಲಿಗೆ ‘ನಡುವೆ’ಯೂ ಹೆಚ್ಚು, ‘ಎಡಕ್ಕೆ’ ಎಂದೇ ಬರೆಯಿರಿ.