ತೂತುಕುಡಿ ಮಕರೂನ್ ದಿನಾ ಕೊಟ್ಟರೆ ಮಕ್ಕಳಿಗೆ ಪುಷ್ಟಿಯಾ? ಅನುಭವ ಹೇಳಿ

ಮೈಸೂರಿನ ಅಮ್ಮ:
ತಮಿಳುನಾಡಿನ ತೂತುಕುಡಿಯಿಂದ ರೈಲಿನಲ್ಲಿ ಬಂದ ನಾದಿನಿ ಒಂದು ಡಬ್ಬ ಮಕರೂನ್ ತಂದಿದ್ದಾರೆ, ಮೊಟ್ಟೆಯ ಬಿಳಿ ನೊರೆ ಬರಿಸಿ ಸಕ್ಕರೆ, ಗೋಡಂಬಿ ಹಾಕಿ ಓವನ್‌ನಲ್ಲಿ ಬೇಯಿಸುವ ಅಲ್ಲಿಯ ಮಿಠಾಯಿ. ಆರು ವರ್ಷದ ಮಗ ಬೇಯಿಸಿದ ಮೊಟ್ಟೆ ಮುಟ್ಟುವುದಿಲ್ಲ, ಇದನ್ನು ಮಾತ್ರ ಬಿಡುವುದಿಲ್ಲ. ಮೊಟ್ಟೆಯ ಬಿಳಿ, ಗೋಡಂಬಿ ಎರಡೂ ಇದೆಯಲ್ಲ, ದಿನಾ ಕೊಡಬಹುದು ಅಲ್ವಾ?

ಓವನ್ ಅಕ್ಕ:
ನಾನು ಮನೆಯಲ್ಲೇ ಮಾಡುತ್ತೇನೆ. ಎರಡು ಮೊಟ್ಟೆಯ ಬಿಳಿಗೆ 100 ಗ್ರಾಂ ಸಕ್ಕರೆ, 100 ಗ್ರಾಂ ಗೋಡಂಬಿ ಪುಡಿ. ಬಿಳಿಯಿಂದ ಸಿಗುವ ಪ್ರೋಟೀನ್ ಸುಮಾರು 7 ಗ್ರಾಂ, ಗೋಡಂಬಿಯಿಂದ 18. ಪುಷ್ಟಿ ಏನಿದ್ದರೂ ಗೋಡಂಬಿಯದು! ಒಮ್ಮೆ ಸಕ್ಕರೆ 60 ಗ್ರಾಂಗೆ ಇಳಿಸಿ ನೋಡಿದೆ. ನೊರೆ ನಿಲ್ಲಲೇ ಇಲ್ಲ, ಟ್ರೇ ಮೇಲೆ ದೋಸೆ ಹಾಗೆ ಹರಡಿತು. 110 ರೂಪಾಯಿ ಗೋಡಂಬಿ, ಮೂರು ಗಂಟೆ ಓವನ್ ಕರೆಂಟು, ಎಲ್ಲಾ ನೀರುಪಾಲು. ಬಿಳಿಯಲ್ಲಿ ಒಂದು ಹನಿ ಹಳದಿ ಬಿದ್ದರೂ ಇದೇ ಗತಿ. ಮಳೆಗಾಲದಲ್ಲಂತೂ ಡಬ್ಬದ ಮುಚ್ಚಳ ಸಡಿಲವಿದ್ದರೆ ಸಂಜೆಗೆಲ್ಲಾ ಅಂಟಂಟು.

ವಿಜಯನಗರದವನು:
ನಮ್ಮಪ್ಪನಿಗೆ ಶುಗರ್ ಇದೆ. ಹಳದಿ ಇಲ್ಲ, ಕೊಲೆಸ್ಟ್ರಾಲ್ ಇಲ್ಲ, ಧಾರಾಳವಾಗಿ ತಿನ್ನಿ ಅಂತ ನೆಂಟರೊಬ್ಬರು ತಂದುಕೊಟ್ಟರು. ಕೊಲೆಸ್ಟ್ರಾಲ್ ಇಲ್ಲ, ನಿಜ. ಸಕ್ಕರೆ? ಅರ್ಧಕ್ಕರ್ಧ ಅದೇ! ಊಟದ ನಂತರದ ಶುಗರ್ 280. ಡಾಕ್ಟರ್ ಫೀಸು 600, ಟೆಸ್ಟು 950, ಹೊಸ ಮಾತ್ರೆ 800. ಪುಷ್ಟಿ ಅನ್ನುವವರು ಈ ಬಿಲ್ಲು ಕಟ್ಟಲಿ.

ಓವನ್ ಅಕ್ಕ:
ಅವರು ಕೇಳಿದ್ದು ಮಗುವಿನ ಬಗ್ಗೆ. ನಿಮ್ಮ ತಂದೆಯ ಶುಗರ್ ಇಲ್ಲಿ ಯಾಕೆ ಬಂತು?

ವಿಜಯನಗರದವನು:
ನಿಮ್ಮ ಓವನ್ ಕರೆಂಟು ಯಾಕೆ ಬಂತೋ ಅದಕ್ಕೇ.

ಜಿಮ್ ಹುಡುಗ:
ಒಂದು ಇಡೀ ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, 70 ಕ್ಯಾಲರಿ. ಅಷ್ಟೇ ಪ್ರೋಟೀನಿಗೆ ಅಕ್ಕ ಹೇಳಿದ ಮಕರೂನ್ 55 ಗ್ರಾಂ ತಿನ್ನಬೇಕು. ಸುಮಾರು 250 ಕ್ಯಾಲರಿ, ಐದು ಟೀ ಚಮಚ ಸಕ್ಕರೆ. ಬಿ12, ಎ, ಡಿ ವಿಟಮಿನ್ ಮುಖ್ಯವಾಗಿ ಇರುವುದು ಹಳದಿಯಲ್ಲಿ. ಅದನ್ನು ತೆಗೆದು ಸಕ್ಕರೆ ತುಂಬಿ ಮಗುವಿಗೆ ಕೊಡೋದಾ? ನಾನು ಇಡೀ ಮೊಟ್ಟೆ ತಿಂದೇ ಮೈ ಕಟ್ಟಿದ್ದು.

ಓವನ್ ಅಕ್ಕ:
ಹಳದಿ ಎಸೆಯುತ್ತೇನೆ ಅಂತ ಯಾರು ಹೇಳಿದ್ದು? ನಮ್ಮ ಮನೆಯಲ್ಲಿ ಅದು ಬುರ್ಜಿಗೆ ಹೋಗುತ್ತದೆ. ಮಗು ಬೇಯಿಸಿದ ಮೊಟ್ಟೆ ತಿನ್ನಲ್ಲ ಅಂತ ಮೊದಲ ಸಾಲಲ್ಲೇ ಬರೆದಿದ್ದಾರೆ. ಓದಿ ಮಾತಾಡಿ.

ಹಾಸನದ ತಾಯಿ:
ಪ್ರೋಟೀನ್ ಜಗಳ ಸಾಕು. ನನ್ನ ಮಗಳಿಗೆ ಗೋಡಂಬಿ ಅಲರ್ಜಿ. ಮದುವೆ ಮನೆಯಲ್ಲಿ ಯಾರೋ ಕೈಗೆ ಒಂದು ಮಕರೂನ್ ಇಟ್ಟರು. ತುಟಿ ಊದಿಕೊಂಡಿತು, ಉಸಿರಾಟಕ್ಕೆ ಕಷ್ಟ. ಒಂದು ರಾತ್ರಿ ಆಸ್ಪತ್ರೆ, 11,400 ರೂಪಾಯಿ.

ಓವನ್ ಅಕ್ಕ:
ಗೋಡಂಬಿ ಇಲ್ಲದೆ ತೂತುಕುಡಿ ಮಕರೂನ್ ಎಲ್ಲಿದೆ? ಎಲ್ಲರಿಗೂ ಗೊತ್ತಿರೋದೇ.

ಹಾಸನದ ತಾಯಿ:
ನನಗೆ ಗೊತ್ತಿರಲಿಲ್ಲ. ನೋಡೋಕೆ ಬರೀ ಬಿಳಿ ಸಕ್ಕರೆ ಮಿಠಾಯಿ. ಆವತ್ತು ನೀವು ಅಲ್ಲಿರಬೇಕಿತ್ತು. ಮೈಸೂರಿನ ಅಮ್ಮ, ನಿಮ್ಮ ನಾದಿನಿ ಇದನ್ನು ಬೇರೆ ಮಕ್ಕಳಿಗೂ ಹಂಚಿದ್ದರೆ ದಯವಿಟ್ಟು ಅವರ ತಾಯಂದಿರಿಗೆ ಫೋನ್ ಮಾಡಿ ಹೇಳಿ.