ಲೆಗೋ ಇಟ್ಟಿಗೆಯಲ್ಲಿ ಡಂಜನ್ ಕಟ್ಟಿ ಆಡಿದವರು ಇದ್ದೀರಾ? ಅನುಭವ ಹೇಳಿ

ಪ್ರಶ್ನೆ

ನಾವು ಐದು ಜನ ಗೆಳೆಯರು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡೋಕೆ ಶುರು ಮಾಡಿದ್ದೇವೆ. ಒಬ್ಬ ಕಥೆ ನಡೆಸುತ್ತಾನೆ, ಮಿಕ್ಕವರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಡಂಜನ್, ಅಂದರೆ ನೆಲಮಾಳಿಗೆ, ಗುಹೆಯಂಥ ಜಾಗಗಳಲ್ಲಿ ಸಾಹಸ ಮಾಡುವ ಆಟ. ಕಥೆ ನಡೆಸುವವನು ನಾನು. ಆಟಕ್ಕೆಂದೇ ಸಿಗುವ ಬೊಂಬೆಗಳನ್ನು ಕೊಂಡು ಬಣ್ಣ ಹಚ್ಚುವ ಬದಲು, ಮನೆಯಲ್ಲಿರುವ ಎರಡು ಡಬ್ಬ ಲೆಗೋ ಬಳಸೋಣ ಅಂತ ಯೋಚನೆ. ಒಂದು ಚೌಕ ಎಷ್ಟು ದೊಡ್ಡದಿರಬೇಕು? ಗೋಡೆ ಎಷ್ಟು ಎತ್ತರ ಇರಲಿ? ಎಲ್ಲವನ್ನೂ ಮೊದಲೇ ಕಟ್ಟಿಡಬೇಕಾ?

ಉತ್ತರ

ಆರು ವರ್ಷದಿಂದ ಲೆಗೋದಲ್ಲೇ ಆಡಿಸುತ್ತಿದ್ದೇನೆ. ಮೊದಲು ಚೌಕದ ಲೆಕ್ಕ ಮುಗಿಸಿಕೊಳ್ಳಿ, ಮಿಕ್ಕಿದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ.

ಆಟದಲ್ಲಿ ಒಂದು ಚೌಕ ಅಂದರೆ 5 ಅಡಿ. ಮಾಮೂಲಿ ನಕ್ಷೆಯಲ್ಲಿ ಅದು ಒಂದು ಇಂಚು. ಲೆಗೋ ಇಟ್ಟಿಗೆಯ ತಲೆ ಮೇಲಿನ ಗುಂಡನೆಯ ಉಬ್ಬು ಇದೆಯಲ್ಲ, ಆ ಸ್ಟಡ್, ಅದು 8 ಮಿ.ಮೀ.ಗೆ ಒಂದರಂತೆ ಇರುತ್ತದೆ. ಮೂರು ಸ್ಟಡ್ ಸೇರಿದರೆ 24 ಮಿ.ಮೀ., ಹೆಚ್ಚುಕಡಿಮೆ ಒಂದು ಇಂಚು. ಹಾಗಾಗಿ ನಾನೂ ಮೂರರಿಂದಲೇ ಶುರು ಮಾಡಿದೆ. ಎರಡೇ ಆಟಕ್ಕೆ ಕೈಬಿಟ್ಟೆ. ಲೆಗೋದ ಪುಟ್ಟ ಮನುಷ್ಯ ಬೊಂಬೆ, ಅಂದರೆ ಮಿನಿಫಿಗರ್, ಅದರ ಕಾಲು ಎರಡು ಸ್ಟಡ್ ಅಗಲ, ಸರಿ. ಆದರೆ ಕೈ, ಗುರಾಣಿ, ಈಟಿ ಎಲ್ಲ ಆಚೆ ಚಾಚಿಕೊಂಡಿರುತ್ತವೆ. ನಾಲ್ಕು ಜನ ಗಾಬ್ಲಿನ್ ಎಂಬ ಒಂದು ಕುಳ್ಳ ರಾಕ್ಷಸನ ಸುತ್ತ ನಿಂತರೆ ಬೆರಳು ಹಾಕೋಕೂ ಜಾಗ ಇರಲ್ಲ. ಒಬ್ಬನನ್ನು ಎತ್ತಿದರೆ ಇನ್ನಿಬ್ಬರು ಉರುಳುತ್ತಾರೆ.

ನಾಲ್ಕು ಸ್ಟಡ್ ಇಟ್ಟುಕೊಳ್ಳಿ. 4×4 ಪ್ಲೇಟ್‌ಗಳನ್ನು, ಅಂದರೆ ತೆಳು ಚಪ್ಪಟೆ ಇಟ್ಟಿಗೆಗಳನ್ನು, ತಿಳಿ ಬೂದು, ಕಡು ಬೂದು ಅಂತ ಒಂದು ಬಿಟ್ಟು ಒಂದು ಜೋಡಿಸಿದರೆ ಗೆರೆ ಎಳೆಯುವ ಕೆಲಸವೇ ಇಲ್ಲ, ಚೌಕ ತಾನಾಗೇ ಕಾಣುತ್ತದೆ. ಓಗರ್‌ನಂಥ ದೊಡ್ಡ ಜೀವಿಗೆ 8×8 ಸ್ಟಡ್, ದೈತ್ಯನಿಗೆ 12×12.

ಎಲ್ಲದರ ಕೆಳಗೆ ಹಾಸುವ 32×32 ಸ್ಟಡ್‌ನ ಒಂದು ಬೇಸ್‌ಪ್ಲೇಟ್‌ನಲ್ಲಿ ಎಂಟೆಂಟು ಚೌಕ ಕೂರುತ್ತವೆ. ಅಂದರೆ 40 ಅಡಿ ಉದ್ದ, 40 ಅಡಿ ಅಗಲ. ಹೆಚ್ಚಿನ ಪಾತ್ರಗಳು ಒಂದು ಸರದಿಯಲ್ಲಿ 30 ಅಡಿ, ಅಂದರೆ ಆರು ಚೌಕ ನಡೆಯುತ್ತವೆ. ಹಾಗಾಗಿ ಒಂದು ಬೇಸ್‌ಪ್ಲೇಟ್ ಒಂದು ದೊಡ್ಡ ಕೋಣೆಗೆ ಸಾಕು, ಬಯಲಿನ ಯುದ್ಧಕ್ಕೆ ಸಾಲದು. ಫೈರ್‌ಬಾಲ್ ಮಂತ್ರ ಬಿದ್ದ ಕಡೆಯಿಂದ ಸುತ್ತ 20 ಅಡಿ ಹರಡುತ್ತದೆ ಅಲ್ವಾ? ನಟ್ಟನಡುವೆ ಬಿದ್ದರೆ ನಾಲ್ಕು ಮೂಲೆ ಬಿಟ್ಟು ಇಡೀ ಬೇಸ್‌ಪ್ಲೇಟ್ ಉರಿಯುತ್ತದೆ. ನಮ್ಮ ಮೇಜಿನಲ್ಲಿ ಮೊದಲ ಸಲ ಹಾಗಾದಾಗ ಎಲ್ಲರೂ ಕುರ್ಚಿಯಿಂದ ಎದ್ದು, ಮೂಲೆಯಲ್ಲಿ ಯಾರಿದ್ದಾರೆ ಅಂತ ಬಗ್ಗಿ ನೋಡಿದರು. ಬರೀ ಕಾಗದದ ನಕ್ಷೆ ಇದ್ದಾಗ ಯಾರೂ ಹಾಗೆ ಎದ್ದಿರಲಿಲ್ಲ.

ಉತ್ತರ

ಗೋಡೆ ಮೂರು ಇಟ್ಟಿಗೆ ಸಾಕು. ಅಷ್ಟಕ್ಕೇ ಸುಮಾರು 29 ಮಿ.ಮೀ. ಆಗುತ್ತದೆ. ಮಿನಿಫಿಗರ್ ಸುಮಾರು 4 ಸೆಂ.ಮೀ. ಇರುವುದರಿಂದ ತಲೆ ಗೋಡೆಯ ಮೇಲೆ ಕಾಣುತ್ತದೆ. ಮೇಜಿನ ಆ ಕಡೆ ಕೂತವರಿಗೂ ಯಾರು ಎಲ್ಲಿದ್ದಾರೆ ಗೊತ್ತಾಗುತ್ತದೆ.

ಎತ್ತರ ಕಟ್ಟಿದರೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಹತ್ತು ರಾತ್ರಿ ಕೂತು ಚಾವಣಿ, ಮೆಟ್ಟಿಲು, ಗೋಪುರ ಎಲ್ಲ ಇರುವ ಒಂದು ಕೋಟೆ ಕಟ್ಟಿದ್ದೆ. ಆಟದ ದಿನ ಒಳಗೆ ಕೈ ಹೋಗಲಿಲ್ಲ. ಚಾವಣಿ ಎತ್ತಲು ಹೋದಾಗ ಗೋಡೆಯೂ ಜೊತೆಗೇ ಬಂತು. ಅದಕ್ಕಿಂತ ಬೇಜಾರಾಗಿದ್ದು, ಅಷ್ಟು ಹೊತ್ತಿಗೆ ಆಟಗಾರರು ಕೋಟೆ ಬೇಡ, ಕಾಡಿನ ದಾರಿ ಹಿಡಿಯೋಣ ಅಂದಿದ್ದು. ಅವರ ತಪ್ಪಲ್ಲ, ದಾರಿ ಆರಿಸುವುದೇ ಈ ಆಟ.

ಈಗ ನಾನು ಜಾಗ ಕಟ್ಟಲ್ಲ, ತುಂಡು ಕಟ್ಟುತ್ತೇನೆ. ಎಂಟು ಸ್ಟಡ್ ಉದ್ದದ ಗೋಡೆ ಹದಿನೈದು, ಮೂಲೆ ಆರು, ಬಾಗಿಲು ನಾಲ್ಕು, ಮರ, ಬಂಡೆ, ಒಂದು ಬಾವಿ. ಆಟಗಾರರು ಬಾಗಿಲು ತೆಗೆದಾಗ ಮಾತ್ರ ಆಚೆಯ ಕೋಣೆ ಜೋಡಿಸುತ್ತೇನೆ. ಒಂದೂವರೆ ನಿಮಿಷದ ಕೆಲಸ. ಅಷ್ಟು ಹೊತ್ತೂ ಎಲ್ಲರ ಕಣ್ಣು ನನ್ನ ಕೈ ಮೇಲೆ. ಆ ಮೌನ ನನಗೆ ತುಂಬಾ ಇಷ್ಟ.

ಇನ್ನೊಂದು ಮಾತು. ಮಿನಿಫಿಗರ್‌ಗಳನ್ನು ನೆಲಕ್ಕೆ ಒತ್ತಿ ಕೂರಿಸಬೇಡಿ. ಪ್ರತಿ ಸರದಿಗೂ ಕಿತ್ತರೆ ನೆಲವೇ ಎದ್ದು ಬರುತ್ತದೆ. ಉಬ್ಬಿಲ್ಲದ ನುಣುಪು ಟೈಲ್ ಹಾಕಿ. ಒಂದೊಂದಾಗಿ ಪ್ಯಾಕೆಟ್‌ನಲ್ಲಿ ಬರುವ ಮಿನಿಫಿಗರ್ ಜೊತೆ 3×4 ಸ್ಟಡ್‌ನ ಪೀಠ ಇರುತ್ತದೆ. ಅದರ ಮೇಲೆ ನಿಲ್ಲಿಸಿದರೆ ನಾಲ್ಕು ಸ್ಟಡ್ ಚೌಕದೊಳಗೆ ಸರಿಯಾಗಿ ಕೂತು ಸಲೀಸಾಗಿ ಜಾರುತ್ತದೆ. ಪೀಠದಲ್ಲಿ ಉಳಿದ ಸ್ಟಡ್‌ಗಳಿಗೂ ಕೆಲಸವಿದೆ. ವಿಷ ಏರಿದವನಿಗೆ ಹಸಿರು ಗುಂಡು ಚೂರು, ಬೆಂಕಿ ಹತ್ತಿದವನಿಗೆ ಕಿತ್ತಳೆ.

ಉತ್ತರ

ಆಟದ ಬೊಂಬೆ ಒಂದಷ್ಟು ಈಗಲೇ ಇದ್ದರೂ ನಾಲ್ಕು ಸ್ಟಡ್ಡೇ ಸರಿ. ಅವುಗಳ ಗುಂಡು ಪೀಠ ಸಾಮಾನ್ಯವಾಗಿ 25 ಮಿ.ಮೀ. ಇರುತ್ತದೆ. ಮೂರು ಸ್ಟಡ್‌ಗಿಂತ ಒಂದೇ ಮಿ.ಮೀ. ಜಾಸ್ತಿ, ಆದರೆ ಐದು ಬೊಂಬೆ ಸಾಲಾಗಿ ನಿಂತರೆ ಕೊನೆಯದು ಚೌಕದಿಂದ ಆಚೆ ಬಂದಿರುತ್ತದೆ.

ಉತ್ತರ

ಎಲ್ಲರೂ ನೆಲ, ಗೋಡೆ ಬಗ್ಗೆಯೇ ಹೇಳಿದರು. ನಾನು ಲೆಗೋ ಬಿಡದಿರುವುದಕ್ಕೆ ಕಾರಣ ಆ ಪುಟ್ಟ ಕೈ. ಕೊಟ್ಟಿದ್ದನ್ನು ಹಿಡಿದುಕೊಳ್ಳುತ್ತದೆ, ತೆಗೆದರೆ ಬಿಡುತ್ತದೆ. ಅಂಟಿಸಿ ಬಣ್ಣ ಹಚ್ಚಿದ ಬೊಂಬೆಯ ಕೈಯಲ್ಲಿ ಕೊನೆತನಕ ಅದೇ ಕತ್ತಿ.

ನಮ್ಮ ಗುಂಪಿನ ಒಬ್ಬಳ ಯೋಧ ಸೇತುವೆಯ ಮೇಲೆ ಸತ್ತ. ದಾಳ ಮೂರು ಸಲವೂ ಕೈಕೊಟ್ಟಿತ್ತು. ಅವಳು ಸುಮ್ನೆ ಕೂತಿದ್ದಳು. ಆಮೇಲೆ ಆ ಮಿನಿಫಿಗರ್‌ನ ಕೈಯಿಂದ ಬೂದು ಕತ್ತಿಯನ್ನು ನಿಧಾನಕ್ಕೆ ಬಿಡಿಸಿ, ಪಕ್ಕದಲ್ಲಿದ್ದ ಇನ್ನೊಂದು ಪಾತ್ರ, ಕಳ್ಳನ ಬಲಗೈಗೆ ಸಿಕ್ಕಿಸಿದಳು. ಟಕ್ ಅಂತ ಒಂದು ಸಣ್ಣ ಸದ್ದು. ಆ ಕತ್ತಿ ಈಗಲೂ ಆ ಕಳ್ಳನ ಹತ್ತಿರವೇ ಇದೆ.

ಹಾಗಾಗಿ ಮೊದಲ ದಿನವೇ ತಲೆ, ಕೂದಲು, ಮೈ, ಕಾಲು, ಆಯುಧ ಎಲ್ಲ ಮೇಜಿನ ಮೇಲೆ ಸುರಿದುಬಿಡಿ. ಪ್ರತಿಯೊಬ್ಬರೂ ತಮ್ಮ ಪಾತ್ರವನ್ನು ತಾವೇ ಜೋಡಿಸಲಿ. ಅರ್ಧ ಗಂಟೆ ಹೋಗುತ್ತದೆ, ಹೋಗಲಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ 4×4 ಪ್ಲೇಟ್ ಎಣಿಸಿದೆ, ಮೂವತ್ತೊಂದು ಇವೆ. ಚಿಕ್ಕ ಗುಹೆಯಿಂದ ಶುರು ಮಾಡ್ತೀನಿ. ಒಂದೇ ಅನುಮಾನ ಉಳಿದಿದೆ, ಹಾರುವ ಜೀವಿಗಳಿಗೆ ಏನು ಮಾಡ್ತೀರಿ?

ಉತ್ತರ

ಮೊದಲ ಉತ್ತರ ಬರೆದವನೇ ನಾನು. ಪ್ಲೇಟ್ ದಪ್ಪ 3.2 ಮಿ.ಮೀ., ಹತ್ತು ಪೇರಿಸಿದರೆ ಸರಿಯಾಗಿ 32. ಅಂದರೆ ಒಂದು ಚೌಕದಷ್ಟೇ, 5 ಅಡಿ. ಮೂರು ಪ್ಲೇಟ್ ಸೇರಿದರೆ ಒಂದು ಇಟ್ಟಿಗೆಯ ಎತ್ತರ, ಹಾಗಾಗಿ 5 ಅಡಿಗೆ ಮೂರು ಇಟ್ಟಿಗೆ, ಮೇಲೊಂದು ಪ್ಲೇಟ್. 10 ಅಡಿ ತನಕ 2×2 ಕಂಬ ಚೆನ್ನಾಗಿ ನಿಲ್ಲುತ್ತದೆ, ಬುಡಕ್ಕೆ 4×4 ಪ್ಲೇಟ್ ಹಾಕಿ. ಅದಕ್ಕಿಂತ ಮೇಲೆ ಹಾರಿದರೆ ಕಂಬ ಬೆಳೆಸಬೇಡಿ, ಕೈ ತಾಗಿ ಬೀಳುತ್ತದೆ. ಬುಡದ ಸ್ಟಡ್ ಮೇಲೆ ಇನ್ನೂ ಎಷ್ಟು ಅಡಿ ಇದೆ ಅಂತ ನೀಲಿ ಚೂರು ಇಡಿ, 10 ಅಡಿಗೆ ಒಂದು.